ರೊಟ್ಟಿ ಪಂಚಮಿಗೆ ಸಂಗವ್ವ ಸ್ಕಿಪ್ ಮಾಡಿದ್ದು

"ಈ ಸರ್ತಿ ರೊಟ್ಟಿ ಪಂಚಮಿ ನಾ ಸ್ಕಿಪ್ ಮಾಡಾಕಿ," ಎಂದು ಸಂಗವ್ವ ಲಿಂಗಪೂಜೆ ಮುಗಿಸಿ ಬಂದು ಘೋಷಿಸಿದಾಗ ಗಂಡ ಸಿದ್ದಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಮಗ ರಾಜಶೇಖರ ಮೊಬೈಲಿನಿಂದ ಎತ್ತಲಿಲ್ಲ. ವಿದ್ಯಾನಗರದ ಆ ಮನೆಯಲ್ಲಿ ಅದು ಹೊಸ ಮಾತೇ ಅಲ್ಲ.

ಸೊಸೆ ರಜನಿ ನಾಷ್ಟಾ ಸ್ಕಿಪ್ ಮಾಡುತ್ತಿದ್ದಳು. ರಾಜಶೇಖರ ನಾಷ್ಟಾ ಮಾಡಿ ಸ್ನಾನ ಸ್ಕಿಪ್ ಮಾಡುತ್ತಿದ್ದ. ಸಿದ್ದಪ್ಪ ಬಿ.ಪಿ. ಗುಳಿಗೆ ಸ್ಕಿಪ್ ಮಾಡಿ ಮಿರ್ಚಿ ತಿನ್ನುತ್ತಿದ್ದ. ಸಂಗವ್ವ ಇದನ್ನೆಲ್ಲ ಬಹಳ ದಿನ ಕಿವಿಗೊಟ್ಟು ಕೇಳಿ ಒಂದು ಸಿದ್ಧಾಂತಕ್ಕೆ ಬಂದಿದ್ದಳು. "ಬಿಟ್ಟೆ" ಅಂದರೆ "ಯಾಕ ಬಿಟ್ಟಿ?" ಅನ್ನುತ್ತಾರೆ. "ಮರೆತೆ" ಅಂದರೆ ಬೈಯುತ್ತಾರೆ. "ಒಲ್ಲೆ" ಅಂದರೆ ಬೀಗರ ಮನೆಯ ತನಕ ಸುದ್ದಿ ಹೋಗುತ್ತದೆ. "ಸ್ಕಿಪ್ ಮಾಡಿದೆ" ಅಂದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಪಾಪವಿಲ್ಲ, ಪ್ರಾಯಶ್ಚಿತ್ತವಿಲ್ಲ. ಇಷ್ಟು ವರ್ಷ ಈ ಮಂತ್ರವಿಲ್ಲದೆ ಸಂಸಾರ ಮಾಡಿದ್ದೇ ದಡ್ಡತನ ಅನ್ನಿಸಿತು.

ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ತವರೂರು ಅಮ್ಮಿನಬಾವಿಯಿಂದ ತಮ್ಮ ಕಲ್ಲೇಶ ಪ್ರತಿ ವರ್ಷ ಕರೆಯಲು ಬರುತ್ತಿದ್ದ. "ಮನ್ಯಾಗ ರೊಟ್ಟಿ ಬಡಿಯೋರು ಯಾರಪಾ, ಮುಂದಿನ ವರ್ಷ ಬರ್ತೇನಿ," ಎಂದು ಚಾ ಕುಡಿಸಿ ಕಳಿಸುತ್ತಿದ್ದಳು. ಸೊಸೆಯನ್ನು ಮಾತ್ರ ಅವಳ ತವರಿಗೆ ತಪ್ಪದೆ ಕಳಿಸುತ್ತಿದ್ದಳು. ಈ ಸಲವೂ ರಜನಿ ನಿನ್ನೆಯೇ ಹೋಗಿದ್ದಳು. ಇನ್ನು ತನ್ನ ಸರದಿ. ತವರ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಾರೆ. ಮೊಣಕಾಲು ಏನಾದರೂ ಅನ್ನಲಿ, ಒಮ್ಮೆ ಜೀಕಿಯೇ ಬರಬೇಕು. ಶೇಂಗಾದುಂಡಿಯ ಡಬ್ಬಿ ಚೀಲಕ್ಕೆ ಹಾಕಿ, ಇಳಕಲ್ ಸೀರೆ ಉಟ್ಟು, ಕಲ್ಲೇಶನ ದಾರಿ ಕಾಯುತ್ತ ಪಡಸಾಲೆಯಲ್ಲಿ ಮಹಾರಾಣಿಯಂತೆ ಕೂತಳು. ಒಲೆಗೆ ಹಂಚು ಏರಲಿಲ್ಲ.

ಫಜೀತಿ ಶುರುವಾದದ್ದು ತಾಟುಗಳಿಂದ. ರೊಟ್ಟಿ ಪಂಚಮಿಯಂದು ಓಣಿಯಲ್ಲಿ ಮನೆಯಿಂದ ಮನೆಗೆ ರೊಟ್ಟಿ-ಪಲ್ಯ ಹೋಗುತ್ತದೆ. ಬಂದ ತಾಟು ಬರಿದಾಗಿ ಮರಳಬಾರದು. ಮಗ್ಗುಲ ಮನೆಯ ಮುರಿಗೆವ್ವನ ತಾಟು ಬಂತು.

"ಈಗ ಇದರಾಗ ಏನ ಹಾಕೂದು?" ಸಿದ್ದಪ್ಪ ಕೇಳಿದ.

"ನಾ ಸ್ಕಿಪ್ ಮಾಡೇನಲ್ರಿ."

ಸಿದ್ದಪ್ಪ ಹತ್ತಿ ವ್ಯಾಪಾರದಲ್ಲಿ ಪಳಗಿದವನು. ಒಬ್ಬರ ಮಾಲು ಇನ್ನೊಬ್ಬರಿಗೆ ದಾಟಿಸುವುದು ಅವನಿಗೆ ಹೊಸದಲ್ಲ. ಮುರಿಗೆವ್ವನ ರೊಟ್ಟಿಯನ್ನು ತಮ್ಮ ತಾಟಿಗೆ ಸುರಿದುಕೊಂಡು ಹಿಂದಿನ ಮನೆಯ ಸುಮಲತಾಗೆ ಕೊಟ್ಟು ಬಂದ. ಸುಮಲತಾ ಮಾಡಿದ್ದು ಬಂದರೆ ಅದನ್ನು ಮುರಿಗೆವ್ವನಿಗೆ ಕೊಡುವ ಲೆಕ್ಕಾಚಾರ. ಆದರೆ ಸುಮಲತಾಳೂ ಒಲೆ ಹಚ್ಚಿರಲಿಲ್ಲ. ಬಂದದ್ದನ್ನು ಹಾಗೆಯೇ ಮುರಿಗೆವ್ವನ ಮನೆಗೆ ಸಾಗಹಾಕಿದ್ದಳು.

ಮುರಿಗೆವ್ವ ಅದೇ ರೊಟ್ಟಿ-ಪಲ್ಯ ಹಿಡಿದು, ಸೊಂಟಕ್ಕೆ ಒಂದು ಕೈಕೊಟ್ಟು ಇವರ ಬಾಗಿಲಲ್ಲಿ ನಿಂತಳು.

"ಯಜಮಾನ್ರ, ಈ ಎಣ್ಣಿಗಾಯಿ ಬದನಿಕಾಯಿ ನಮ್ಮದರಿ. ಈ ಕಡೀ ರೊಟ್ಟಿ ಅಂಚು ಹೊತ್ತಿಸಿದಾಕಿ ನಾನ. ಓಣೆಲ್ಲಾ ತಿರಗಿ ಹೊಳ್ಳಿ ಬಂದಾವ."

ಸಿದ್ದಪ್ಪ ಹೆಂಡತಿಯ ಕಡೆ ನೋಡಿದ. ಹೆಂಡತಿ ಗೋಡೆಯ ಕಡೆ ನೋಡಿದಳು.

"ರೊಟ್ಟಿ ಸುದ್ಧಾ ತವರಿಗಿ ಬಂದು ಮುಟ್ಟಿದ್ವು," ಎಂದಳು ಮುರಿಗೆವ್ವ. "ಸಂಗವ್ವಕ್ಕ ಸೀರಿ ಉಟ್ಟು ಇನ್ನೂ ಇಲ್ಲೇ ಕುಂತಾಳಲ್ಲ."

"ನಮ್ಮ ತಮ್ಮ ದಾರ್ಯಾಗ ಇರಬೇಕು," ಎಂದಳು ಸಂಗವ್ವ. ಅಷ್ಟರಲ್ಲಿ ಫೋನ್ ಬಂತು. ಕಲ್ಲೇಶನದೇ. ಹಿಂದೆ ಕಾರಿನ ಸದ್ದು, ಮಕ್ಕಳ ಗದ್ದಲ.

"ಅಕ್ಕಾ, ನಾವು ಗೋಕರ್ಣಕ್ಕ ಹೊಂಟೇವಿ. ನೀ ಹೆಂಗೂ ಪ್ರತಿ ವರ್ಷಾ ಬರಂಗಿಲ್ಲ ಅಂತಿ. ಅದಕ್ಕ ನಮ್ಮಾಕಿ ಅಂದ್ಲು, ಈ ವರ್ಷ ಕರಿಯೂದು ಸ್ಕಿಪ್ ಮಾಡೂಣಂತ. ಏನೂ ತಿಳ್ಕೋಬ್ಯಾಡವಾ."

"ಇಲ್ಲಪಾ. ಆರಾಮ ಹೋಗಿ ಬರ್ರಿ," ಎಂದಳು ಸಂಗವ್ವ.

ಫೋನಿಟ್ಟು ಸ್ವಲ್ಪ ಹೊತ್ತು ಚೀಲದ ಹಿಡಿಕೆಯನ್ನು ಮಡಚುತ್ತ, ಬಿಚ್ಚುತ್ತ ಕೂತಳು.

"ಏನಂದ ಕಲ್ಲೇಶ?"

"ನಾ ತವರಿಗಿ ಹೋಗೂದು ಸ್ಕಿಪ್ ಆತರಿ."

ಸಿದ್ದಪ್ಪ ಯಾಕ ಅಂತ ಕೇಳಲಿಲ್ಲ.

"ಹಂಗಾರ ಛಲೋ ಆತು," ಎಂದ. "ಲಗೂನ ಎರಡ ರೊಟ್ಟಿ ಬಡಿ. ಮುರಿಗೆವ್ವ ಇನ್ನೂ ಬಾಗಲದಾಗ ನಿಂತಾಳ."