ಮಾಳಿಗೆ ಮುತ್ಯಾ

ನಮ್ಮ ಮುತ್ಯಾನಿಗೆ ಮನುಷ್ಯರ ಮುಖದ ಗುರುತು ಹತ್ತುತ್ತಿರಲಿಲ್ಲ. ಅವರವರ ಮನೆಯ ಮಾಳಿಗೆಯ ಗುರುತು ಮಾತ್ರ ಹತ್ತುತ್ತಿತ್ತು! ದಾರಿಯಲ್ಲಿ ಯಾರಾದರೂ "ಶರಣ್ರಿ ಮುತ್ಯಾ" ಎಂದರೆ ಕಣ್ಣು ಕಿರಿದು ಮಾಡಿ, "ಯಾರು? ಮೂಲ್ಯಾಗ ಸೋರೂ ಮನಿಯವನಾ?" ಎನ್ನುತ್ತಿದ್ದ.

ಮುತ್ಯಾ ಎಂದರೆ ನನ್ನ ಅಜ್ಜನ ತಮ್ಮ. ಹೆಂಡತಿ ಮಕ್ಕಳಿಲ್ಲ. ವಯಸ್ಸು ಕೇಳಿದರೆ, "ಎಪ್ಪತ್ತಕ್ಕ ಎಣಿಸೋದು ಬಿಟ್ಟೇನಿ" ಎನ್ನುವ ಆಸಾಮಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ, ಅಂದರೆ ಮಣ್ಣಿನ ಸಮತಟ್ಟು ಸೂರಿನ, ಮೇಲೆ ನೀರು ಇಳಿಯಗೊಡದ ಕರಲು ಮಣ್ಣು ಹರವಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಬೇಕಲ್ಲ, ಆ ಕೆಲಸದಲ್ಲಿ ಅವನ ಕಾಲಿಗೆ ಸಮನಾದ ಕಾಲಿರಲಿಲ್ಲ. ನಮ್ಮೂರು ಕಿಣ್ಣಿ ಸುಲ್ತಾನದ ಅರ್ಧ ಜನ ಅವನ ಹಿಮ್ಮಡಿಯ ಪುಣ್ಯದಿಂದ ಬೆಚ್ಚಗೆ ಮಲಗುತ್ತಿದ್ದರು.

ಇಂಥವನ ಸ್ವಂತ ಮನೆ ಹೇಗಿರಬೇಕು? ಒಂದು ವರ್ಷ ಊರವರ ಮಾಳಿಗೆಗಳನ್ನೆಲ್ಲ ತುಳಿದು ಮುಗಿಸಿ, ತನ್ನದಕ್ಕೆ ಏಣಿ ಹಚ್ಚುವಷ್ಟರಲ್ಲಿ ಮಳೆ ಹಿಡಿಯಿತು. ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಮಾಳಿಗೆಯೇ ಮನೆಯೊಳಗೆ ಇಳಿದು ಬಂತು! ಮುತ್ಯಾ ಅಂಗಳದಲ್ಲಿ ತೊಯ್ದುಕೊಂಡು ನಿಂತು, "ನಾ ಮೊದಲ ಹೇಳಿದ್ದೆ, ಆ ತೊಲಿಗೆ ಗೆದ್ದಲ ಹತ್ಯಾದ ಅಂತ" ಎಂದ. ಯಾರಿಗೆ ಹೇಳಿದ್ದ? ತನಗೇ!

ಈಗ ಮುದುಕ ಇರುವುದೆಲ್ಲಿ? ನಮ್ಮಪ್ಪ, "ನಮ್ಮನ್ಯಾಗ ಇರು ಕಾಕಾ" ಎಂದು ಕೈ ಹಿಡಿದ.

"ನಿಮ್ಮ ಮಾಳಗಿ ನಾನೇ ತುಳದೇನಿ. ಒಂದು ಹನಿ ಸೋರಂಗಿಲ್ಲ. ಮತ್ತ ನನಗಿಲ್ಲಿ ಏನ್ ಕೆಲಸ ಅದ? ಕುಂತು ಉಣ್ಣಾಕ ನಾ ಏನ್ ನಿಮ್ಮ ಬೀಗನಾ?"

ದುಡಿಯದೆ ಉಂಡ ರೊಟ್ಟಿ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಟು ಕಟ್ಟಿಕೊಂಡು ಅಫಜಲಪುರದ ತಂಗಿಯ ಮಗಳ ಮನೆಗೆ ಹೋದ. ಆಕೆ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತರೆ, ಮಾಮಾ ಎಲ್ಲಿ? ಆಗಲೇ ಮಾಳಿಗೆಯ ಮೇಲೆ! ಮರುಕ್ಷಣ ಅಡುಗೆಮನೆಯ ಸೂರು ಸೀಳಿ ಒಂದು ಕಾಲು ಒಲೆಯ ಮೇಲೆ ಜೋತಾಡಿತು. ಮೇಲಿಂದ ಹರ್ಷದ ಕೂಗು: "ನೋಡವ್ವಾ, ನಾ ಅಂದಂಗ ಇಲ್ಲೇ ಪೊಳ್ಳದ!" ಎಂಟು ದಿನ ಕೂತು ರಿಪೇರಿ ಮಾಡಿದ. ಒಂಬತ್ತನೆಯ ದಿನ ಎಲ್ಲ ಸರಿಹೋಯಿತು; ಮುತ್ಯಾ ಹೊರಟುಬಂದ.

ಆಮೇಲೆ ಯಾರೋ ಹೇಳಿದರೆಂದು ಭೀಮಾ ದಾಟಿ ಯಡ್ರಾಮಿಯ ಕಡೆ ಒಂದು ಮಠಕ್ಕೆ ಹೋದ. ಅಯ್ಯನವರು ದೊಡ್ಡ ಮನಸ್ಸಿನವರು. "ಇಲ್ಲೇ ಇರ್ರಿ ಯಜಮಾನ್ರ, ಎರಡು ಹೊತ್ತು ಪ್ರಸಾದ ಅದ, ಮಲಗಾಕ ಜಾಗಾ ಅದ" ಎಂದರು. ಮುತ್ಯಾ ತಲೆಯೆತ್ತಿ ನೋಡಿದ. ಮೇಲೆ ಹಾಸುಗಲ್ಲಿನ ಛತ್ತು! ಮುಖ ಸಪ್ಪಗಾಯಿತು. "ಇದು ನೂರು ವರ್ಷ ಸೋರಂಗಿಲ್ರಿ ಅಯ್ಯನವರ" ಎಂದು, ನೋಡಲು ಹೋದ ಹೆಣ್ಣಿನಲ್ಲಿ ಐಬು ಹೇಳುವವನ ಹಾಗೆ ಹೇಳಿ, ಮೂರನೆಯ ದಿನಕ್ಕೆ ಊರಿಗೆ ಬಂದ.

ಬಂದು ಚಾವಡಿಯ ಬಯಲು ಕಟ್ಟೆ ಹಿಡಿದು ಅಲ್ಲೇ ಮಲಗತೊಡಗಿದ. ಚಳಿ ಶುರುವಾಗಿತ್ತು.

ನನ್ನದೊಂದು ಕಸುಬಿತ್ತು: ನಕಲು. ಉರ್ದು ಮಾಸ್ತರರ ಕೆನೆತ, ಗೌಡರ ಆಕಳಿಕೆ, ಎಲ್ಲ ನನ್ನ ಗಂಟಲಲ್ಲಿದ್ದವು. ಇಪ್ಪತ್ತು ವರ್ಷದವನಾದರೂ ಸ್ವಂತದ ಧ್ವನಿಯೊಂದೇ ಇರಲಿಲ್ಲ ಎನ್ನಿ. ಒಂದು ದಿನ ಊಟಕ್ಕೆ ಕೂತಾಗ ಮುತ್ಯಾನ ಹೊಸ ಕೆಮ್ಮಿನ ನಕಲು ಮಾಡಿದೆ. ಎಷ್ಟು ಚೆನ್ನಾಗಿ ಬಂತೆಂದರೆ, ಅವ್ವನ ಕೈಯಲ್ಲಿ ರೊಟ್ಟಿ ನಿಂತಿತು.

"ಅದು ಚಾವಡಿ ಕೆಮ್ಮಲೇ. ಈ ಚಳಿ ದಾಟಂಗಿಲ್ಲ ಆ ಜೀವ" ಎಂದಳು.

ಮರುದಿನ ಮಧ್ಯಾಹ್ನ ಸಲಿಕೆ ಹಿಡಿದು ನಮ್ಮ ಮಾಳಿಗೆ ಹತ್ತಿದೆ. ಜನ್ಮದಲ್ಲಿ ಸಲಿಕೆ ಹಿಡಿದವನಲ್ಲ. ಮೊದಲ ಏಟು ಕಾಲಿನ ಹೆಬ್ಬೆರಳಿಗೆ! ಮುತ್ಯಾ ತುಳಿದ ಮಣ್ಣು ಕಬ್ಬಿಣವಾಗಿತ್ತು. ಅಂತೂ ಅಂಗೈಯಗಲ ತೂತು ಬಿತ್ತು. ಚಾವಡಿಗೆ ಕುಂಟುತ್ತ ಓಡಿದೆ.

"ಮುತ್ಯಾ, ನಮ್ಮ ಮಾಳಗಿ ತೂತ ಬಿದ್ದದ!"

"ನಾ ತುಳದ ಮಾಳಗೀನಾ? ಯಾವ ಬಾಯೀಲೆ ಅಂತೀಯಲೇ ಮಂಗ್ಯಾ!" ಎಂದವನೇ ಕೆಮ್ಮು ಮರೆತು ಎದ್ದ.

ಏಣಿ ಹತ್ತಿ, ತೂತಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅಂಚನ್ನು ಬೆರಳಿನಿಂದ ಸವರಿದ. ಮೋಡವಿಲ್ಲದ ಆಕಾಶ ನೋಡಿದ. ನನ್ನ ತಲೆಗೂದಲಿನ ಮಣ್ಣು ನೋಡಿದ.

"ಈ ವರ್ಷ ಮಳಿ ಭಾಳ ಶಾಣ್ಯಾ ಆಗ್ಯಾದ ಬಿಡು. ಸಲಿಕಿ ತಗೊಂಡ ಬಂದದ."

ನಾನು ತಲೆಗೂದಲಿನ ಮಣ್ಣು ಕೊಡವಿಕೊಂಡೆ.

ಅವನು ಮಣ್ಣು ಕಲಸಿದ. ಹಾಕಿದ, ತುಳಿದ. ಅರ್ಧ ತೂತು ಮುಚ್ಚಿದ ಮೇಲೆ ಕೈ ಝಾಡಿಸಿ ಏಣಿ ಇಳಿದ.

"ಇನ್ನರ್ಧ, ಮುತ್ಯಾ?"

"ಅವಸರ ಏನದ? ಇದು ಭಾಳ ದಿನದ ಕೆಲಸ" ಎಂದು, ಚಾವಡಿಯಿಂದ ಗಂಟು ತಂದು ಪಡಸಾಲೆಯಲ್ಲಿ ಇಳಿಸಿ, ಒಳಗೆ ಕೂಗಿದ: "ಒಂದು ರೊಟ್ಟಿ ಹೆಚ್ಚಿಗಿ ಬಡಿ ಯವ್ವಾ."

ಅರ್ಧ ಊರಿಗೆ ಹನಿ ಸೋರದಂತೆ ಮಾಳಿಗೆ ತುಳಿದವನು, ನಮ್ಮ ಮನೆಯಲ್ಲಿ ಬದುಕಿದ್ದ ಆರು ವರ್ಷವೂ ಆ ಅರ್ಧ ತೂತನ್ನು ಮುಚ್ಚಲಿಲ್ಲ. ಮಳೆ ಬಂದಾಗ ಅವ್ವ ಅದರ ಕೆಳಗೆ ಒಂದು ಕೊಡ ಇಡುತ್ತಿದ್ದಳು.