ಎಡಗಾಲಿನ ನೋವಿಗೆ ಬಲಗೈಯ ಕೋಲು

ನಮ್ಮ ಯಜಮಾನರ ಕಾಕಾ ನಾಸ್ತಿಕರೇನಲ್ಲ. ಆದರೆ ಗುಡಿಗೆ ಹೋದರೆ ಕೈ ಮುಗಿಯುವ ಮೊದಲು ಒಂದು ಕಣ್ಣು ಮುಚ್ಚಿ, ವಿಗ್ರಹ ಯಾವ ಕಡೆಗೆ ವಾಲಿದೆಯೆಂದು ನೋಡುತ್ತಿದ್ದರು! ನೆಟ್ಟಗಿದ್ದರೆ ದೇವರಿಗೆ ನಮಸ್ಕಾರ. ವಾಲಿದ್ದರೆ ಪೂಜಾರಿಗೆ ಮಂಗಳಾರತಿ.

ಪುಣೆಯಲ್ಲಿ ಕಲಿತು ಬಂದ ಓವರಸಿಯರ್ ಅವರು. ವಿಜಾಪುರದ ಸುತ್ತಿನ ರಸ್ತೆ, ಮೋರಿ, ಸಣ್ಣಪುಟ್ಟ ಪೂಲು ಅಂದರೆ ಸೇತುವೆಗಳೆಲ್ಲ ಅವರ ಉಸ್ತುವಾರಿ. ಕಲಿತದ್ದನ್ನು ಕಚೇರಿಯ ಗೂಟಕ್ಕೆ ತೂಗುಹಾಕಿ ಮನೆಗೆ ಬರುವ ಜಾಣರು ಎಷ್ಟೋ ಜನ. ಕಾಕಾ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದರು. ಬಂದು ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು.

ನಾನು ಲಗ್ನವಾಗಿ ಆ ಮನೆಗೆ ಬಂದದ್ದು ಯುದ್ಧದ ದಿನಗಳಲ್ಲಿ. ಸಕ್ಕರೆಗೂ ಚಿಮಣಿ ಎಣ್ಣೆಗೂ ರೇಷನ್ನು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸೂತಿ ಕಲಿಸಿದ್ದರು, ಮೆಲ್ಲಗೆ ಮಾತಾಡುವುದನ್ನು ಕಲಿಸಿದ್ದರು. ನೀರು ಹೊರುವುದನ್ನು ಕಲಿಸಿರಲಿಲ್ಲ. ಮೊದಲ ವಾರವೇ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಬಿಲ್ಲಿನಂತೆ ಬಾಗಿ ಅಂಗಳ ದಾಟುತ್ತಿದ್ದೆ.

"ನಿಲ್ಲವಾ ತಂಗಿ!" ಎಂದು ಕಾಕಾ ಕೂಗಿದರು. ಹಾವು ಕಂಡಿತೇನೋ ಎಂದು ನಾನು ನಡುಗಿ ನಿಂತೆ.

"ಬದಿಗಿರೋ ಭಾರ ಅಂದ್ರ ಏನು ಗೊತ್ತದ ಏನು? ಅಷ್ಟ ಭಾರ ನಡುವ ಇಟ್ಟಂಗ, ಜೋಡಿಗೆ ಒಂದು ತಿರುಚು. ಭಾರ ಹೊತ್ತರ ಪುಣ್ಯ ಬರತದ, ತಿರುಚು ಹೊತ್ತರ ಏನ ಬರತದ? ಬೆನ್ನಬ್ಯಾನಿ! ಒಂದು ದೊಡ್ಡ ಕೊಡ ಬಿಡು. ಎರಡೂ ಕೈಯಾಗ ಒಂದೊಂದು ಸಣ್ಣ ಬಿಂದಗಿ ಹಿಡಿ. ಈ ಕಡೆ ತಿರುಚು ಆ ಕಡೆ ತಿರುಚನ್ನ ತಿಂದ ಬಿಡತದ."

ಸುಳ್ಳಲ್ಲ. ಮರುದಿನ ಎರಡು ಬಿಂದಿಗೆ ಹಿಡಿದು ನಡೆದರೆ ನೆಟ್ಟಗೆ, ರಾಣಿಯಂತೆ ಬರುತ್ತಿದ್ದೇನೆ! ಅಷ್ಟರಲ್ಲಿ ಎದುರಿಗೆ ಮಾವನವರು ಬಂದರು. ತಲೆಯ ಮೇಲಿನ ಸೆರಗು ಜಾರಿತು. ಎರಡೂ ಕೈಯಲ್ಲಿ ನೀರು. ಸೆರಗು ಎಳೆದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಲಿ? ಹೊಸ ಸೊಸೆ ಬರಿತಲೆಯಲ್ಲಿ ಮಾವನ ಮುಂದೆ ನಿಂತಳೆಂದು ಓಣಿಯಲ್ಲಿ ಎಂಟು ದಿನ ಮಾತಾಯಿತು. ಕಾಕಾ ಗಡ್ಡ ಕೆರೆದುಕೊಂಡು, "ಸೆರಗು ನನ್ನ ಲೆಕ್ಕದಾಗ ಇರಲಿಲ್ಲವಾ" ಎಂದರು.

ಇನ್ನು ತಿಕೋಟಾದ ಬಂಡಿಯ ಕತೆ ಕೇಳಿ. ಅಲ್ಲಿ ನಮ್ಮ ಹೊಲ. ಸುಗ್ಗಿಗೆ ಅತ್ತೆ, ಕಾಕು, ನಾನು ಬಂಡಿಯಲ್ಲಿ ಹೊರಟಿದ್ದೆವು. (ಕಾಕು ಎಂದರೆ ಕಾಕಾನ ಹೆಂಡತಿ. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು.) ಎತ್ತುಗಳ ಕೊರಳಿಗೆ ಯಾಕೆ ಭಾರ ಬೀಳಬೇಕು ಎಂದು ಕಾಕಾನಿಗೆ ಕರುಣೆ ಉಕ್ಕಿತು. ಚೀಲ, ಡಬ್ಬಿ, ಹೆಂಗಸರು ಎಲ್ಲವನ್ನೂ ಅಚ್ಚಿನ ಹಿಂದೆ ಮುಂದೆ ಅಳೆದು ಕೂರಿಸಿದರು. ನೊಗವನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿ, "ನೋಡ್ರಿ, ಹೂವಿನಂಗದ!" ಎಂದರು. ಬಂಡಿ ಹೊಡೆಯುವವನು ಆಕಾಶ ನೋಡಿದ.

ಊರ ಹೊರಗಿನ ಏರಿನಲ್ಲಿ ಆ ಹೂವು ಅರಳಿತು. ಬಂಡಿಯ ಮೂಗು ಮುಗಿಲಿಗೆ, ಬಾಲ ನೆಲಕ್ಕೆ! ಎತ್ತುಗಳು ನೊಗದ ಜೊತೆ ಕತ್ತು ಮೇಲೆತ್ತಿಕೊಂಡು ನಿಂತವು. ಅತ್ತೆ ಹಪ್ಪಳದ ಡಬ್ಬಿಯನ್ನು ತಬ್ಬಿಕೊಂಡು, ಜಾರುಗುಂಡಿಯಿಂದ ಇಳಿದಂತೆ ರಸ್ತೆಗಿಳಿದರು. ಹಪ್ಪಳ ಒಂದೂ ಮುರಿಯಲಿಲ್ಲ. ಮರ್ಯಾದೆಯ ಮಾತು ಬೇರೆ.

"ವೈನಿ, ನೀವು ಜಾಗಾ ಬದಲಿ ಮಾಡಿದ್ರಿ!" ಎಂದು ಕಾಕಾ ತಮ್ಮ ಅತ್ತಿಗೆಯ ಮೇಲೆ ಆರೋಪ ಹೊರಿಸಿದರು.

"ನೆರಳು ಹಿಂದಿತ್ತಪಾ. ಅದರ ಸಂಗಾಟ ಸರದೆ."

"ನೆರಳಿಗೆ ತೂಕಿಲ್ಲ ವೈನಿ. ನಿಮಗದ!"

ಅತ್ತೆ ಅವರೊಡನೆ ಒಂದು ತಿಂಗಳು ಮಾತು ಬಿಟ್ಟರು. ಆ ತಿಂಗಳು ಕಾಕಾ, ಅತ್ತೆಯ ಕೈಗೆ ಬಾಗಿಲು ಹಗುರಾಗಲೆಂದು, ಅಡುಗೆಮನೆಯ ಬಾಗಿಲಿನ ಹಿಡಿಕೆಯನ್ನು ಅದರ ಕೀಲಿನಿಂದ ಇನ್ನೂ ಎರಡು ಬೆರಳು ದೂರಕ್ಕೆ ಸರಿಸಿದರು.

ನಗುತ್ತಾ ನಗುತ್ತಾ ಇದ್ದ ಮನೆಗೆ ಒಂದು ದಿನ ಕಣ್ಣು ಬಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಇಳಿಯುವಾಗ ಕಾಕು ಮೆಟ್ಟಿಲು ತಪ್ಪಿ ಬಿದ್ದರು. ಎಡಗಡೆಯ ಸೊಂಟದ ಕೀಲಿಗೇ ಏಟು. ಎಲುಬು ಕೂಡಿಸುವ ಮುತ್ಯಾ ಬಂದು ಕಟ್ಟು ಹಾಕಿದ. ತಿಂಗಳುಗಟ್ಟಲೆ ಕಾಕು ಗೋಡೆ ನೋಡುತ್ತ ಮಲಗಿದರು. ಕಟ್ಟು ಬಿಚ್ಚಿದ ಮೇಲೂ ಎಡಗಾಲಿನ ಮೇಲೆ ಭಾರ ಬಿದ್ದರೆ ಸೊಂಟ ಕುಸಿದು ಕೂತುಬಿಡುತ್ತಿದ್ದರು.

ಅವರ ತವರು ಬಬಲೇಶ್ವರ. ಅಲ್ಲಿ ವಯಸ್ಸಾದ ತಾಯಿ, ಕಣ್ಣು ಮಂಜು. ಅವರಿಗೆ ಮಗಳ ಕಾಲು ತುಸು ಉಳುಕಿದೆ ಎಂದಷ್ಟೇ ಸುದ್ದಿ ಕಳಿಸಿದ್ದೆವು. ಮುದುಕಿಯರಿಗೆ ಸುಳ್ಳು ದಕ್ಕುತ್ತದೆಯೇ? ಶ್ರಾವಣ ಹತ್ತಿರ ಬಂದಾಗ ಹೇಳಿಕಳಿಸಿದರು: "ಪಂಚಮಿಗೆ ಮಗಳು ಬರಲಿಲ್ಲಂದ್ರ ಅಕಿ ಕುಂತಲ್ಲೇ ಕುಂತಾಳ ಅಂತ ತಿಳೀತೀನಿ."

ಕಾಕು ಅಂದೇ ಹಟ ಹಿಡಿದರು. "ಹೋದ್ರ ನನ್ನ ಕಾಲಿಂದ ನಡದ ಹೋಗತೀನಿ. ಹೊರಿಸಿಕೊಂಡು ತವರುಮನಿ ಹೊಸ್ತಿಲಾ ದಾಟೂದಿಲ್ಲ. ನಮ್ಮವ್ವ ಅದನ್ನ ನೋಡಬಾರದು."

ಮುತ್ಯಾ ಒಂದು ಕೋಲು ಕೊಟ್ಟು, ನೋವಿರುವ ಎಡಗಡೆಯೇ ಹಿಡಿಯಬೇಕೆಂದ. ಓಣಿಯೂ ಹಾಗೆಯೇ ಅಂದಿತು. ಕಾಕು ಹಾಗೆಯೇ ಹಿಡಿದು ನಾಲ್ಕು ಹೆಜ್ಜೆಗೆ ಬೆವರಿ ಕೂತರು. ಕಾಕಾ ಮಾತ್ರ ಕೋಲು ಕಸಿದು ಬಲಗೈಗೆ ಕೊಟ್ಟರು.

ಓಣಿಯ ಹೆಂಗಸರಿಗೆ ಹಬ್ಬ! "ಬ್ಯಾನಿ ಈ ಕಡೆ, ಬಡಿಗಿ ಆ ಕಡೆ! ಓವರಸಿಯರ್ ಸಾಹೇಬ್ರು ಪೂಲೂ ಹಿಂಗ ಕಟ್ಟಸ್ತಾರೇನ್ರಿ? ಹಳ್ಳ ಇಲ್ಲೆ, ಪೂಲ್ ಅಲ್ಲೆ?"

ಕಾಕು ಕೂಡ ಬಿಡಲಿಲ್ಲ. "ನಿಮ್ಮ ಮಾತ ಕೇಳಿ ಬಂಡಿ ಪಲ್ಟಿ ಆತು. ಈಗ ನನ್ನೂ ಪಲ್ಟಿ ಮಾಡತೀರೇನು?"

ಕಾಕಾ ಅಡುಗೆಮನೆಗೆ ನುಗ್ಗಿ ಊದುಗೊಳವೆ ತಂದರು. ಬೋರಲು ಹಾಕಿದ ಹಿತ್ತಾಳೆ ಲೋಟದ ಮೇಲೆ ಅದನ್ನು ಅಡ್ಡ ಇಟ್ಟರು. "ಲೋಟ ಅಂದ್ರ ನಿನ್ನ ಎಡಗಡಿ ಕೀಲು." ಲೋಟದ ಬಲಕ್ಕೆ, ಕೊಳವೆಗೆ ಒಂದು ತಂಬಿಗೆ ಕಟ್ಟಿದರು. "ಇದು ನಿನ್ನ ಮೈಭಾರ. ನೋಡು, ಬಲಕ್ಕ ಕುಸೀತದ." ನನ್ನ ಕಡೆ ತಿರುಗಿ, "ತಂಗಿ, ಲೋಟದ ಹತ್ತರನ ಎಡಗಡಿ ಒತ್ತಿ ಇದನ್ನ ನೆಟ್ಟಗ ಮಾಡು" ಎಂದರು. ಒತ್ತಿದೆ. ಬೆರಳು ಕೆಂಪಾಯಿತೇ ಹೊರತು ಊದುಗೊಳವೆ ಅಲ್ಲಾಡಲಿಲ್ಲ. "ಅಕಿ ಸೊಂಟದ ನರ ಅಷ್ಟ ಹತ್ತರ ನಿಂತು ಜಗ್ಗಬೇಕು. ಬಾಯಿ ಮಾಡದ ಏನ್ಮಾಡತದ! ಈಗ ಬಲಗಡಿ ತುದಿ ಕಿರುಬೆರಳಿಲೆ ಎತ್ತು." ಎತ್ತಿದೆ. ತಂಬಿಗೆ ಸಮೇತ ಹಗುರಾಗಿ ಎದ್ದಿತು!

"ಆ ಕಿರುಬೆರಳೇ ನಿನ್ನ ಬಲಗೈ ಕೋಲು!" ಎಂದರು ಕಾಕಾ ವಿಜಯಿಯಾಗಿ. "ಕೀಲಿನಿಂದ ದೂರಿದ್ದಷ್ಟೂ ಚೊಲೊ."

"ಊದುಗೊಳವಿ ನಡ್ಯಾಕ ಕಲೀತು" ಎಂದರು ಕಾಕು. "ಪಂಚಮಿಗೆ ಅದನ್ನ ಕಳಸೂಣು."

ಆದರೂ ಮರುದಿನ ಬಲಗೈಗೇ ಕೋಲು ಹಿಡಿದರು. ಹಟವಿದ್ದವರಿಗೆ ದಾರಿ ಬೇಕಲ್ಲ. ನಾನು ಅವರ ಕಾಲು ನೋಡಲಿಲ್ಲ, ಬಾಯಿ ನೋಡಿದೆ. ಎಡಗಾಲಿಡುವಾಗಲೆಲ್ಲ ಅವರು ಕೆಳತುಟಿ ಕಚ್ಚುತ್ತಿದ್ದರು. ಅಂದು ಮೂರನೆಯ ಹೆಜ್ಜೆಗೆ ಕಚ್ಚುವುದನ್ನು ಮರೆತರು. ಕಾಕಾನಿಗೆ ಹೇಳಿದೆ. ಅವರು "ಮತ್ತ!" ಎಂದು ಗತ್ತಿನಿಂದ ಮೀಸೆ ತಿರುವಿದರು. ಆದರೆ ಮಧ್ಯಾಹ್ನ ಹಿತ್ತಲಿಗೆ ಹೋದರೆ ಏನು ಕಾಣಬೇಕು? ಎಡಗಾಲ ಬೂಟಿನಲ್ಲಿ ಕಲ್ಲು ಹಾಕಿಕೊಂಡು, ಬಲಗೈಯಲ್ಲಿ ಬಡಿಗೆ ಹಿಡಿದು, ಓವರಸಿಯರ್ ಸಾಹೇಬರು ತಾವೇ ಕುಂಟುತ್ತ ಬಾವಿಯ ಸುತ್ತ ಸುತ್ತುತ್ತಿದ್ದಾರೆ! ನನ್ನನ್ನು ಕಂಡು ಕೆಂಪಾದರು. "ನೀ ಏನೂ ನೋಡಿಲ್ಲವಾ."

ಪಂಚಮಿಯ ಮುನ್ನಾದಿನ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುವ ಮೋಟಾರು ಕೆಮ್ಮುತ್ತ ಕೆಮ್ಮುತ್ತ ನಮ್ಮ ಮೂವರನ್ನು ಬಬಲೇಶ್ವರಕ್ಕೆ ಮುಟ್ಟಿಸಿತು. ಇಳಿದಲ್ಲಿಂದ ಕಾಕುವಿನ ತವರಿಗೆ ಒಂದು ಓಣಿಯ ದಾರಿ. ಕಾಕಾ ರುಮಾಲು ಸರಿಮಾಡಿಕೊಂಡು ಮುಂದೆ ನಡೆದರು. ಅತ್ತೆಮನೆಯ ಊರಿನಲ್ಲಿ ಅಳಿಯ ಹತ್ತು ಹೆಜ್ಜೆ ಮುಂದಿರಬೇಕು, ಹೆಂಡತಿ ಹಿಂದೆ. ಅದು ಆಗಿನ ರಿವಾಜು. ಹಿಂದೆ ಕಾಕು, ಕೋಲು, ಉಂಡಿಯ ಡಬ್ಬಿ ಹೊತ್ತ ನಾನು. ಜೋಕಾಲಿ ಕಟ್ಟುತ್ತಿದ್ದವರು ಹಗ್ಗ ಬಿಟ್ಟು ನೋಡಿದರು. ಕಟ್ಟೆಯ ಮೇಲಿನ ಹಿರಿಯರು ಕತ್ತು ಚಾಚಿದರು. ಕಾಕು ಗದ್ದ ಎತ್ತಿ ನಡೆದೇ ನಡೆದರು.

ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ತಾಯಿ ಹಣೆಗೆ ಕೈ ಅಡ್ಡ ಹಿಡಿದು ನಿಂತದ್ದೂ ಕಾಣುತ್ತಿತ್ತು. ಆಗ ಕೋಲು ಎರೆ ಮಣ್ಣಿನಲ್ಲಿ ಮೊಣಕೈಯುದ್ದ ಇಳಿಯಿತು! ಹಿಂದಿನ ದಿನದ ಮಳೆ. ಕಾಕು ಜಗ್ಗಿದರು, ಬರಲಿಲ್ಲ. ನನ್ನ ಕೈಯಲ್ಲಿ ಡಬ್ಬಿ. ಅವರ ತುಟಿ ಹಲ್ಲಿನ ಕೆಳಗೆ ಹೋದದ್ದನ್ನು ಕಂಡೆ.

ಕಾಕಾ ತಿರುಗಿ ನೋಡಿದರು. ಹತ್ತು ಹೆಜ್ಜೆ ಹಿಂದಕ್ಕೆ ಬಂದರು. ಎಡಕ್ಕಲ್ಲ, ಸುತ್ತು ಹಾಕಿ ಕಾಕುವಿನ ಬಲಕ್ಕೆ ನಿಂತರು. ಇಡೀ ಓಣಿ ನೋಡುತ್ತಿರುವಾಗ ಅಂಗೈ ಮೇಲೆ ಮಾಡಿ ಚಾಚಿದರು. ನಾನು ಆ ಮನೆಗೆ ಬಂದಂದಿನಿಂದ ಅವರಿಬ್ಬರ ಕೈ ಒಂದಕ್ಕೊಂದು ತಾಕಿದ್ದನ್ನು ನೋಡಿರಲಿಲ್ಲ. ಕಾಕು ಒಂದು ಗಳಿಗೆ ಆ ಅಂಗೈಯನ್ನೇ ನೋಡಿ, ತಮ್ಮ ಕೈಯಿಟ್ಟರು.

ಇಬ್ಬರೂ ನಡೆದರು. ಕಾಕು ನೆಟ್ಟಗಿದ್ದರು. ಆ ಭಾರವನ್ನೆಲ್ಲ ಕೈಯಲ್ಲಿ ಹೊತ್ತ ಕಾಕಾ ಮಾತ್ರ, ಜನ್ಮವಿಡೀ ಲೋಕವನ್ನು ನೆಟ್ಟಗೆ ಮಾಡಲು ಹೊರಟ ಆ ಮನುಷ್ಯ, ಒಂದು ಬದಿಗೆ ವಾಲಿಕೊಂಡು ಸೊಟ್ಟಸೊಟ್ಟಗೆ ಹೆಜ್ಜೆಯಿಡುತ್ತಿದ್ದರು.

ಹೊಸ್ತಿಲು ದಾಟಿದ ಮಗಳ ಗಲ್ಲ ಸವರಿ ತಾಯಿ, "ಚೊಲೊ ನಡೀತೀಯಲ್ಲವಾ ಮಗಳ!" ಎಂದರು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳು, ಅಳಿಯಂದ್ರ ಸೊಂಟಕ್ಕ ಏನಾಗೇದ? ಪಾಪ, ಹಂಗ್ಯಾಕ ವಾಲ್ಯಾರ?"

ಕಾಕು ಗಂಡನ ಕಡೆ ನೋಡಿದರು. ಅವರ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಏನಿಲ್ಲಬೇ ಯವ್ವಾ" ಎಂದರು, "ಅವರು ಮೊದಲಿಂದನೂ ಹಂಗ."

ಕಾಕಾ ಬಾಯಿ ತೆರೆದರು. ಮುಚ್ಚಿದರು. ಒಂದೇ ಒಂದು ಸಲ, ಏನನ್ನೂ ವಿವರಿಸದೆ ಹೌದೆಂದು ತಲೆಯಾಡಿಸಿದರು.