ಮೇಲ್‌ನಲ್ಲಿ ಬಂದ ಬೀಗರೂಟ

ಅನುಮಾನ ಕೆಲವರಿಗೆ ಹುಟ್ಟುಗುಣ. ನನಗೆ ಅದು ಸಂಬಳದ ಕೆಲಸ. ಮನೆಯಲ್ಲಿ ನಾನು ಶುದ್ಧ ನಂಬಿಕೆಯ ಹೆಂಗಸು. ಮಂಡ್ಯದ ಮಾರ್ಕೆಟ್ಟಿನಲ್ಲಿ 'ಈಗ ತಾನೆ ಹೊಲದಿಂದ ಕಿತ್ತಿದ್ದು' ಎಂದರೆ ಸಾಕು, ಬದನೆಕಾಯಿಯನ್ನು ಹುಳದ ಸಮೇತ ತೂಗಿಸಿಕೊಂಡು ಬರುತ್ತೇನೆ. "ನಿಂಗೆ ಟೋಪಿ ಹಾಕಕ್ಕೆ ಕಳ್ಳನೇ ಬೇಕಾಗಿಲ್ಲ ಕಣಮ್ಮಿ, ಯಾರಾದ್ರೂ ಆಯ್ತದೆ" ಎನ್ನುತ್ತಾರೆ ನಮ್ಮ ಯಜಮಾನರು. ಅಂಥವಳನ್ನು ಗೆಜ್ಜಲಗೆರೆಯ ನಮ್ಮ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ, ಆಫೀಸಿಗೆ ಬರುವ ಮೇಲುಗಳಲ್ಲಿ ಯಾವುದು ಅಸಲಿ, ಯಾವುದು ಮೋಸದ್ದು ಎಂದು ಪತ್ತೆ ಮಾಡಲು ಕೂರಿಸಿದ್ದಾರೆ. ಕಾರಣ ಇಷ್ಟೆ. ಹೆಡ್ಡಾಫೀಸಿನವರು ಇದರ ತರಬೇತಿ ಇಟ್ಟ ದಿನ ಉಳಿದವರೆಲ್ಲ ಊಟ ಮುಗಿಸಿ ಜಾರಿಕೊಂಡರು. ನನಗೆ ಕೂತಲ್ಲೇ ನಿದ್ದೆ ಹತ್ತಿದ್ದರಿಂದ ಕೊನೆಯವರೆಗೂ ಉಳಿದೆ.

ಎಚ್ಚರವಿದ್ದಾಗ ಕಿವಿಗೆ ಬಿದ್ದದ್ದು ಇಷ್ಟು: ಅವಸರ ಮಾಡುವ ಮೇಲ್, ಹೆದರಿಸುವ ಮೇಲ್ ಬಂದರೆ ನಂಬಬೇಡಿ, ಅದರಲ್ಲಿರುವ ಲಿಂಕ್ ಒತ್ತಬೇಡಿ. ಮಾರನೆಯ ದಿನದಿಂದ ಎಲ್ಲರೂ ಅನುಮಾನ ಬಂದದ್ದನ್ನೆಲ್ಲ ನನಗೆ ಕಳಿಸತೊಡಗಿದರು. ಕೂತು ನೋಡಿದರೆ ನಮ್ಮ ಸೀಮೆಯ ಅಸಲಿ ಮೇಲುಗಳೆಲ್ಲ ಅವಸರದವೇ, ಹೆದರಿಸುವವೇ. ಮದ್ದೂರಿನ ಲಾರಿಯವರೊಬ್ಬರು ಬರೆದಿದ್ದರು: "ಈಗ್ಲೇ ಗೇಟ್ ಪಾಸ್ ಕಳ್ಸಿ. ಇಲ್ಲಾಂದ್ರೆ ರದ್ದಿ ಲೋಡ್ನ ಗೇಟ್ ಮುಂದೇನೇ ಸುರ್ದು ಬತ್ತೀನಿ." ಮೋಸದ್ದೆಂದು ಪಕ್ಕಕ್ಕಿಟ್ಟೆ. ಸಂಜೆ ಮನೆಗೆ ಹೊರಟರೆ ಗೇಟಿನ ಮುಂದೆ ರದ್ದಿಯ ಗುಡ್ಡ. ಅದನ್ನು ಹತ್ತಿ ಇಳಿದು ಬಸ್ಸು ಹಿಡಿಯುವಷ್ಟರಲ್ಲಿ ನನಗೆ ಜ್ಞಾನೋದಯವಾಯಿತು. ತರಬೇತಿಯ ಪಾಠವನ್ನು ನಮ್ಮ ಜಿಲ್ಲೆಗೆ ಹೊಂದುವಂತೆ ತಿರುವಿ ಹಾಕಿದೆ. ಬೈದು ಬರೆದವರು ನಮ್ಮವರು, 'ದಯಮಾಡಿ' ಎಂದವರು ಕಳ್ಳರು. ಈ ಸೂತ್ರವನ್ನು ಆಫೀಸಿಗೆಲ್ಲ ಕಲಿಸಿದೆ. ಅದು ಬಹಳ ದಿನ ಕೈಕೊಡಲೂ ಇಲ್ಲ. 'ಮಾನ್ಯರೇ, ದಯಮಾಡಿ ತಮ್ಮ ಪಾಸ್‌ವರ್ಡ್ ತಿಳಿಸಿ' ಎಂದವರೆಲ್ಲ ಕಳ್ಳರೇ ಆಗಿದ್ದರು. ನನಗೂ ಸ್ವಲ್ಪ ಕೊಂಬು ಮೂಡಿತು.

ನಮ್ಮ ಮ್ಯಾನೇಜರು ನಿಂಗೇಗೌಡರು ಬೆಸಗರಹಳ್ಳಿಯವರು. ಮಗಳನ್ನು ಮಳವಳ್ಳಿಗೆ ಕೊಟ್ಟರು. ನಾವೆಲ್ಲ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಸಿಹಿಯೂಟ ಮಾಡಿ ಬಂದೆವು. ಆದರೆ ನಮ್ಮ ಕಡೆ ಸಿಹಿಯೂಟ ಬರೀ ಪೀಠಿಕೆ. ಆಮೇಲೆ ಬೀಗರನ್ನು ಕೂರಿಸಿ ಹಾಕುವ ಬಾಡೂಟವೇ ನಿಜವಾದ ಮದುವೆ. ಅದಕ್ಕೆ ಮನೆಗೇ ಬಂದು, ಒಂದು ಲೋಟ ನೀರಾದರೂ ಕುಡಿದು ಕರೆಯಬೇಕು. ಬೀದಿಯಲ್ಲಿ ಕರೆದರೂ ಕರೆದಂತಲ್ಲ. ರಜೆ ಹಾಕಿದ್ದ ಗೌಡರು ಯಾರ ಮನೆಗೂ ಬರಲಿಲ್ಲ. "ಕರೀದೇ ಇದ್ರೆ ಬುಡಿ ಮೇಡಂ, ನಮ್ಮನೇಲಿ ಕೋಳಿ ಇಲ್ವಾ" ಎಂದ ಡಿಸ್ಪ್ಯಾಚಿನ ಶಿವಲಿಂಗು. ಹಾಗೆಂದವನ ಮುಖ ಮಾತ್ರ ಬಾಡಿತ್ತು.

ಅಷ್ಟರಲ್ಲಿ ಶನಿವಾರ ಎಲ್ಲರಿಗೂ ಒಂದು ಮೇಲ್ ಬಂತು. 'ಆತ್ಮೀಯರೇ, ನಾಳೆ ನಮ್ಮ ಮನೆಯಂಗಳದಲ್ಲಿ ಬೀಗರೂಟ. ದಯಮಾಡಿ ಕುಟುಂಬ ಸಮೇತ ಆಗಮಿಸಿ. ದಾರಿಗಾಗಿ ಈ ಲಿಂಕ್ ಒತ್ತಿ.' ಕೆಳಗೆ ಗೌಡರ ಹೆಸರು. ಕಳಿಸಿದ ವಿಳಾಸ ಇನ್ಯಾರದೋ. ನನಗೆ ನಗು ಬಂತು. ಮಂಡ್ಯದವರಿಗೆ ಬಾಡೂಟದ ಆಸೆ ತೋರಿಸುವಷ್ಟು ಕಳ್ಳರು ಬುದ್ಧಿವಂತರಾಗಿದ್ದರು. ಕೂಡಲೇ ಎಲ್ಲರಿಗೂ ಬರೆದೆ: 'ಇದು ಮೋಸ. ಬೀಗರೂಟಕ್ಕೆ ಯಾರೂ ಮೇಲ್‌ನಲ್ಲಿ ಕರೆಯುವುದಿಲ್ಲ. ನಮ್ಮ ಗೌಡರ ಬಾಯಲ್ಲಿ ದಯಮಾಡಿ ಎಂಬ ಮಾತು ಬರುವುದಿಲ್ಲ. ಯಾರೂ ಲಿಂಕ್ ಒತ್ತಬೇಡಿ, ಹೋಗಬೇಡಿ.' ಅನುಮಾನವಿದ್ದರೆ ಕಳಿಸಿದವರಿಗೇ ಫೋನ್ ಮಾಡಿ ಕೇಳಬೇಕೆಂದೂ ತರಬೇತಿಯಲ್ಲಿ ಹೇಳಿದ್ದರಂತೆ. ಅದು ನನ್ನ ನಿದ್ದೆಯ ಹೊತ್ತಿನಲ್ಲಿ ಹೇಳಿದ್ದಿರಬೇಕು.

ಭಾನುವಾರ ಮಧ್ಯಾಹ್ನ ಗೌಡರ ಫೋನು. "ಏನಮ್ಮ, ಎಲ್ ಸತ್ರಿ ಎಲ್ರೂವೆ? ಬೀಗ್ರು ಕುಂತ್ಕಂಡು ಕೇಳ್ತಾವ್ರೆ, ನಿಮ್ ಆಫೀಸ್ನೋರು ಒಬ್ರೂ ಬಂದಿಲ್ವಲ್ಲ ಗೌಡ್ರೆ ಅಂತ. ಏನಂತ ಯೋಳ್ಲಿ? ಮನೆಮನೆಗೆ ಬರಕ್ಕೆ ಪುರ್ಸೊತ್ತಾಗ್ನಿಲ್ಲ ಅಂತ ಮಗಳ್ ಕೈಲಿ ಮೇಲ್ ಹಾಕ್ಸಿದ್ನಲ್ಲಮ್ಮ." ಬೈಗುಳದ ಕೊನೆಗೆ ಅವರ ದನಿ ಸಣ್ಣಗಾಯಿತು. ನನಗೆ ಅಳುವೇ ಬಂತು. ಹೆಣ್ಣು ಕೊಟ್ಟ ಹೊಸತರಲ್ಲಿ ಬೀಗರ ಎದುರು ಹಾಸಿದ ಎಲೆ ಖಾಲಿ ಉಳಿದರೆ 'ಇವರಿಗೆ ನಾಲ್ಕು ಜನರ ಬಳಕೆಯಿಲ್ಲ' ಎಂಬ ಮಾತು ಮಗಳ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅದನ್ನು ಅಂಟಿಸಿದವಳು ನಾನು.

ಮೊದಲು ಶಿವಲಿಂಗುವಿಗೆ ಫೋನ್ ಮಾಡಿದೆ. "ಶಿವಲಿಂಗು, ಮೇಲ್ ಅಸಲಿದಂತೆ. ದಯಮಾಡಿ ಬೇಗ ಹೊರಡಪ್ಪ."

"ನೋಡುದ್ರಾ, ದಯಮಾಡಿ ಅಂದ್ರಿ, ಸಿಕ್ಕಾಕಂಡ್ರಿ. ನಮ್ ಮೇಡಂ ದನೀಲಿ ಮಾತಾಡ್ತಿದ್ದೀರಲ್ಲ, ಯಾರ್ರೀ ನೀವು?"

ಕಂಪ್ಯೂಟರು ಈಗ ಯಾರ ದನಿಯನ್ನು ಬೇಕಾದರೂ ಮಾಡುತ್ತದೆಂದು ಅವನನ್ನು ಹೆದರಿಸಿದ್ದೂ ನಾನೇ. ಎಷ್ಟು ಗೋಗರೆದರೂ ಅವನ ಅನುಮಾನ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ನನ್ನ ಸಹನೆ ಕೆಟ್ಟಿತು. "ಎದ್ ಹೊರಡ್ಲಾ ಮೂದೇವಿ, ಅಲ್ಲಿ ಮುದ್ದೆ ಆರ್ತಾ ಅದೆ" ಎಂದೆ. ಜನ್ಮದಲ್ಲಿ ಸಹೋದ್ಯೋಗಿಯೊಬ್ಬನನ್ನು ಹಾಗೆ ಅಂದವಳಲ್ಲ.

"ಅಂಗನ್ನಿ ಮತ್ತೆ" ಎಂದ ಶಿವಲಿಂಗು ಸಮಾಧಾನದಿಂದ. "ಬಂದೆ ಇರಿ."

ಹಾಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಅವರವರ ಯೋಗ್ಯತೆಗೆ ತಕ್ಕಂತೆ ಬೈದೆ. ಪಕ್ಕದಲ್ಲಿದ್ದ ಯಜಮಾನರು ಅಂಗಿ ತೊಟ್ಟು ಬೈಕ್ ತೆಗೆದರು. ಕೊನೆಯ ಪಂಕ್ತಿಯಲ್ಲಿ ಇಡೀ ಆಫೀಸು ಕೂತಿತು. ಬೀಗರು ತಾವೇ ಬಂದು ವಿಚಾರಿಸಿಕೊಂಡರು. ಗೌಡರ ಮಗಳು ನಮ್ಮನ್ನೆಲ್ಲ ಹೆಸರು ಹಿಡಿದು ಅತ್ತೆಗೆ ಪರಿಚಯ ಮಾಡಿಸುವಾಗ ಅವಳ ಮುಖ ನೋಡಿ ನನಗೆ ಹೋದ ಜೀವ ಬಂದಂತಾಯಿತು. ಗೌಡರು ಮಾತ್ರ ನನ್ನ ಎಲೆಯ ಹತ್ತಿರ ನಿಲ್ಲದೆ ಮುಂದೆ ಹೋದರು.

ಈಗ ಅವರ ಮಗನಿಗೆ ಮದುವೆಯಾಗಿದೆ. ಬರುವ ಭಾನುವಾರ ಬೀಗರೂಟ. ಮೇಲ್ ಸಹವಾಸವೇ ಬೇಡವೆಂದು ಗೌಡರು ನಿನ್ನೆ ಮೇಜಿನಿಂದ ಮೇಜಿಗೆ ಬಂದು ಕರೆದರು. "ಬರ್ದೇ ಇದ್ರೆ ಸೋಮ್ವಾರ ಐತೆ ನಿಂಗೆ" ಎಂದು ಶಿವಲಿಂಗುವಿನ ಬೆನ್ನಿಗೊಂದು ಗುದ್ದಿದರು. ಅವನು ಹಲ್ಲು ಕಿರಿದ. ಆಮೇಲೆ ನನ್ನ ಮೇಜಿಗೆ ಬಂದರು. ಎರಡೂ ಕೈ ಜೋಡಿಸಿ, "ತಾವು ದಯಮಾಡಿ ಬರಬೇಕು" ಎಂದು ಹೇಳಿ ಹೋದರು.

ಆಗಿನಿಂದ ಯೋಚಿಸುತ್ತಾ ಕೂತಿದ್ದೇನೆ. ಅನುಮಾನ ಬಂದದ್ದನ್ನೆಲ್ಲ ಆಫೀಸಿನವರು ನನಗೆ ಕಳಿಸುತ್ತಾರೆ. ಇದನ್ನು ನಾನು ಯಾರಿಗೆ ಕಳಿಸಲಿ?